ಫೋಟೋದಲ್ಲಿರೋರು ನೀವೇನಾ?

ಕೇಳ್ತಿರೋ ಎಲ್ಲರಿಗೂ ನಮಸ್ಕಾರ. ಹೆಡ್‌ಶಾಟ್ ಬಗ್ಗೆ ಮಾತಾಡಿ ಅಂತ ಇವತ್ತು ನನ್ನನ್ನ ಕರೆದಿದಾರೆ. ಹೆಡ್‌ಶಾಟ್ ಅಂದ್ರೆ ಗಾಬರಿ ಆಗ್ಬೇಡಿ, ಎದೆಯಿಂದ ಮೇಲಕ್ಕೆ ತೆಗೆದ ಮುಖದ ಫೋಟೋ ಅಷ್ಟೇ, ಕೆಲಸದ ಅರ್ಜಿ ಜೊತೆ ಹೋಗತ್ತಲ್ಲ, ಆಸ್ಪತ್ರೆ ವೆಬ್‌ಸೈಟಲ್ಲಿ ಡಾಕ್ಟರ್ ಹೆಸರಿನ ಪಕ್ಕ ಇರತ್ತಲ್ಲ, ಲಿಂಕ್ಡ್‌ಇನ್‌ನಲ್ಲಿ ರೌಂಡಾಗಿ ಕಾಣತ್ತಲ್ಲ, ಅದೇ. ಈಗ ರೇಡಿಯೋ ಹಾಕ್ಕೊಂಡಿರೋರಲ್ಲಿ ಯಾರೋ ಒಬ್ರು ಇದೀರಾ, ಓದು ಮುಗಿದಿದೆ, ಮೊದಲನೇ ಕೆಲ್ಸಕ್ಕೆ ಅಪ್ಲೈ ಮಾಡ್ತಿದೀರಾ, ಯಾವುದೋ ಗ್ರೂಪ್ ಫೋಟೋದಿಂದ ನಿಮ್ಮ ಮುಖ ಮಾತ್ರ ಕಟ್ ಮಾಡಿ ಹಾಕಿದೀರಾ, ಭುಜದ ಮೇಲೆ ಇನ್ಯಾರದೋ ನಾಲ್ಕು ಬೆರಳು ಹಾಗೇ ಉಳಿದುಬಿಟ್ಟಿದೆ. ನಾನು ನಿಮ್ಮ ಹತ್ರಾನೇ ಮಾತಾಡ್ತಿರೋದು.

22 ವರ್ಷದಿಂದ ಮುಖಗಳ ಫೋಟೋ ತೆಗೀತಿದೀನಿ. ಅಷ್ಟೂ ವರ್ಷದಲ್ಲಿ ಕಲಿತಿದ್ದು ಒಂದೇ ಮಾತು, ಅದನ್ನ ಈಗ್ಲೇ ಹೇಳಿಬಿಡ್ತೀನಿ, ಆಮೇಲೂ ಹೇಳ್ತಾನೇ ಇರ್ತೀನಿ. ಫೋಟೋ ನೋಡಿದೋರು ನಿಮ್ಮನ್ನ ಎದುರಿಗೆ ಕಂಡ ತಕ್ಷಣ ಗುರುತು ಹಿಡೀಬೇಕು. ಅದು ಆಯ್ತು ಅಂದ್ರೆ ಒಳ್ಳೇ ಹೆಡ್‌ಶಾಟು, ಆಗ್ಲಿಲ್ಲ ಅಂದ್ರೆ ಎಷ್ಟೇ ಚೆನ್ನಾಗಿ ಕಾಣ್ಲಿ, ಅದು ಬೇರೆ ಯಾರದೋ ಫೋಟೋ.

ಫೋಟೋಗ್ರಫಿ ಶುರುವಾದ ಕಾಲದ ಒಂದು ಫೋಟೋ ಇದೆ. 1839ರಲ್ಲಿ ಅಮೆರಿಕಾದ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೀಲಿಯಸ್ ಅನ್ನೋ ಯುವಕ ತನ್ನ ಫೋಟೋ ತಾನೇ ತೆಗೆದುಕೊಂಡ, ಮನುಷ್ಯನ ಮುಖದ ಫೋಟೋಗಳಲ್ಲಿ ಇವತ್ತಿಗೂ ಉಳಿದಿರೋ ತುಂಬಾ ಹಳೇ ಫೋಟೋಗಳಲ್ಲಿ ಅದೂ ಒಂದು. ಕೂದಲು ಕೆದರಿದೆ, ಕೈ ಕಟ್ಟಿದಾನೆ, ಫ್ರೇಮಿನ ಮಧ್ಯಕ್ಕೂ ಸರಿಯಾಗಿ ಬಂದಿಲ್ಲ. ಆದ್ರೆ ಆ ಮುಖ ನೋಡಿ, ಇವತ್ತು ರಸ್ತೇಲಿ ಎದುರಿಗೆ ಬಂದ್ರೆ ಥಟ್ ಅಂತ ಗುರುತು ಹಿಡೀಬಹುದು. ಆಮೇಲೆ 1854ರಲ್ಲಿ ಪ್ಯಾರಿಸ್‌ನಲ್ಲಿ ಡಿಸ್ಡೇರಿ ಅನ್ನೋ ಫೋಟೋಗ್ರಾಫರ್ ಒಂದೇ ಪ್ಲೇಟಲ್ಲಿ, ಅಂದ್ರೆ ಆಗ ಫಿಲ್ಮಿನ ಬದಲು ಕ್ಯಾಮೆರಾಗೆ ಹಾಕ್ತಿದ್ದ ಗಾಜಿನ ಹಲಗೇಲಿ, ಹಲವಾರು ಚಿಕ್ಕ ಫೋಟೋ ತೆಗೆಯೋ ವಿಧಾನಕ್ಕೆ ಪೇಟೆಂಟ್ ತಗೊಂಡ್ರು, ವಿಸಿಟಿಂಗ್ ಕಾರ್ಡ್ ಸೈಜಿನ ಫೋಟೋ, ಜನ ಅದನ್ನ ಒಬ್ರಿಗೊಬ್ರು ಕೊಟ್ಟು ಆಲ್ಬಮ್‌ನಲ್ಲಿ ಸೇರಿಸ್ತಿದ್ರು. ನಾವು ಬರೋಕಿಂತ ಮುಂಚೆ ನಮ್ಮ ಮುಖ ಹೋಗಿ ಬಾಗಿಲು ತಟ್ಟೋ ಕೆಲಸ ಹೊಸದೇನಲ್ಲ.

ಮುಖ ನೋಡಿ ಮಣೆ ಹಾಕ್ತಾರೆ ಅಂತೀವಲ್ಲ, ಅದು ಎಷ್ಟು ಬೇಗ ಆಗತ್ತೆ ಅಂತ 2006ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಲಿಸ್ ಮತ್ತು ತೊಡೊರೊವ್ ಅನ್ನೋ ಇಬ್ರು ಪರೀಕ್ಷೆ ಮಾಡಿದ್ರು. ಗೊತ್ತಿಲ್ಲದೋರ ಮುಖವನ್ನ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ತೋರಿಸಿದ್ರು, ಅಷ್ಟರಲ್ಲೇ ಜನ ಇವರನ್ನ ನಂಬಬಹುದಾ, ಇವರು ಸಮರ್ಥರಾ ಅಂತೆಲ್ಲ ತೀರ್ಮಾನ ಮಾಡಿಬಿಟ್ರು. ನಿಧಾನವಾಗಿ ನೋಡೋಕೆ ಬಿಟ್ಟಾಗಲೂ ಹೆಚ್ಚುಕಮ್ಮಿ ಅದೇ ತೀರ್ಮಾನ, ಟೈಮ್ ಜಾಸ್ತಿ ಕೊಟ್ಟಷ್ಟೂ ತಾವು ಹೇಳಿದ್ದೇ ಸರಿ ಅನ್ನೋ ಧೈರ್ಯ ಜಾಸ್ತಿ ಆಯ್ತು. ಹಾಗಾಗಿ ಆ ಒಂದು ಕ್ಷಣದಲ್ಲಿ ಅವರ ಕಣ್ಣಿಗೆ ಬೀಳೋದು ನೀವೇ ಆಗಿರ್ಬೇಕು.

ಇದು ನನಗೆ ಅರ್ಥ ಆಗಿದ್ದು ಪುಸ್ತಕ ಓದಿ ಅಲ್ಲ. ಸುಮಾರು ವರ್ಷದ ಹಿಂದೆ ಒಬ್ರು ಪ್ರೊಫೆಸರ್ ಮೇಡಮ್ ಬಂದಿದ್ರು, ಕಾಂಕ್ರೀಟ್ ಯಾಕೆ ಬಿರುಕು ಬಿಡತ್ತೆ ಅಂತ ಜೀವಮಾನ ಪೂರ್ತಿ ರಿಸರ್ಚ್ ಮಾಡಿದೋರು, 55 ವಯಸ್ಸಿರಬಹುದು. ಹಣೆ ಮೇಲೆ ಎರಡು ಬೆರಳಗಲ ಬಿಳಿ ಕೂದಲು, ದಪ್ಪ ಕನ್ನಡಕ, ಹುಬ್ಬುಗಳ ಮಧ್ಯೆ ಎರಡು ಆಳವಾದ ಗೆರೆ. ಯಾವುದೋ ದೊಡ್ಡ ಸಮ್ಮೇಳನಕ್ಕೆ ಭಾಷಣಕ್ಕೆ ಕರೆದಿದ್ರು, ಫೋಟೋ ಕಳಿಸಿ ಅಂದಿದ್ರಂತೆ. ಕನ್ನಡಕದ ಗಾಜಲ್ಲಿ ಲೈಟ್ ಹೊಳೀತಿತ್ತು, ನಾನು ತೆಗೆದಿಡಿ ಮೇಡಮ್ ಅಂದೆ, ತೆಗೆದ್ರು. ಕಂಪ್ಯೂಟರಲ್ಲಿ ಕೂತ್ಕೊಂಡು ಆ ಎರಡು ಗೆರೆ ಅಳಿಸಿದೆ, ಬಿಳಿ ಕೂದಲನ್ನ ಕಪ್ಪು ಮಾಡಿದೆ, ಕೆನ್ನೆ ನುಣ್ಣಗೆ ಮಾಡಿದೆ. ಅವರೂ ಖುಷಿಯಾಗಿ ತಗೊಂಡು ಹೋದ್ರು, ನನಗೂ ಏನೋ ಸಾಧಿಸಿದ ಖುಷಿ.

ಒಂದು ತಿಂಗಳಾದ ಮೇಲೆ ವಾಪಸ್ ಬಂದ್ರು. ಏನಾಯ್ತು ಅಂದ್ರೆ, ಅವರನ್ನ ಕರ್ಕೊಂಡು ಹೋಗೋಕೆ ಒಬ್ಬ ವಿದ್ಯಾರ್ಥಿ ಸ್ಟೇಷನ್‌ಗೆ ಬಂದಿದ್ದ, ಕೈಯಲ್ಲಿ ಫೋನು, ಫೋನಲ್ಲಿ ನಾನು ಮಾಡಿದ ಫೋಟೋ. ಮೇಡಮ್ ಒಂದು ಕಂಬದ ಪಕ್ಕ ಬ್ಯಾಗ್ ಇಟ್ಕೊಂಡು ನಿಂತಿದಾರೆ, ಅವನು ಅವರ ಮುಂದೇನೇ ಎರಡು ಸಲ ದಾಟಿ ಹೋದ, ಪಾಪ ಪ್ರತಿಯೊಬ್ಬರ ಮುಖಾನೂ ನೋಡ್ತಾ ಹೋದ, ಇವರ ಮುಖಾನೂ ನೋಡ್ದ, ಮುಂದೆ ಹೋದ. 40 ನಿಮಿಷ ಆಯ್ತು. ಕೊನೆಗೆ ಅವನು ಅದೇ ಕಂಬದ ಇನ್ನೊಂದು ಕಡೆ ನಿಂತು ಫೋನಲ್ಲಿ ಯಾರಿಗೋ ಹೇಳ್ತಿದಾನೆ, ಸರ್, ಮೇಡಮ್ ಬಂದಿಲ್ಲ ಸರ್, ಎಲ್ಲಾ ಕಡೆ ನೋಡಿದೆ ಅಂತ. ಅವರ ಹೆಸರು ಕಿವಿಗೆ ಬಿದ್ದು ಮೇಡಮ್ ಹೋಗಿ ನಾನೇನಪ್ಪಾ ಅಂದ್ರು. ಹುಡುಗ ಫೋನ್ ನೋಡ್ದ, ಇವರನ್ನ ನೋಡ್ದ, ಇನ್ನೊಂದ್ಸಲ ಫೋನ್ ನೋಡ್ದ, ಆಮೇಲೆ ಏನೂ ಮಾತಾಡದೆ ಫೋನನ್ನ ಬೋರಲು ಮಾಡಿ ಜೇಬಿಗೆ ಹಾಕ್ಕೊಂಡ. ಕಾದಿದ್ದಕ್ಕೆ ಬೇಜಾರಿಲ್ಲ, ಅವನು ಫೋನ್ ಬೋರಲು ಮಾಡಿದನಲ್ಲ, ಅದು ನನಗೆ ಚುಚ್ಚಿತು ಅಂದ್ರು ಮೇಡಮ್.

ಬೈಯ್ತಾರೆ ಅಂದ್ಕೊಂಡಿದ್ದೆ, ಬೈಲಿಲ್ಲ. ನನ್ನ ಮುಖದಿಂದ ಏನೇನು ತೆಗೆದಿದೀರಿ, ಒಂದೊಂದಾಗಿ ತೋರಿಸಿ ಅಂದ್ರು. ಕಂಪ್ಯೂಟರ್ ಮುಂದೆ ಪಕ್ಕದಲ್ಲೇ ಕುರ್ಚಿ ಎಳ್ಕೊಂಡು ಕೂತ್ರು, ನಾನು ಮಾಡಿದ್ದನ್ನೆಲ್ಲ ಒಂದೊಂದೇ ವಾಪಸ್ ತಂದೆ. ಬಿಳಿ ಕೂದಲು ಬಂತು, ಕಣ್ಣಿನ ಕೆಳಗಿನ ನೆರಿಗೆ ಬಂತು, ಹುಬ್ಬಿನ ಮಧ್ಯದ ಗೆರೆ ಬಂದಾಗ ಪರದೆ ಮೇಲೆ ಬೆರಳಿಟ್ಟು ಹೇಳಿದ್ರು, ಇದು ಮೈಕ್ರೋಸ್ಕೋಪ್ ನೋಡಿ ನೋಡಿ ಬಂದಿದ್ದು, ನನ್ನ ಕೆಲಸಾನೇ ಅಳಿಸಿಬಿಟ್ಟಿದೀರಲ್ಲ ಅಂತ. ನನಗೆ ಮಾತೇ ಹೊರಡ್ಲಿಲ್ಲ.

ಅವತ್ತೇ ಮತ್ತೆ ಫೋಟೋ ತೆಗೆದೆ. ಈ ಸಲ ಕನ್ನಡಕ ತೆಗೆಸ್ಲಿಲ್ಲ. ಲೈಟನ್ನ ಒಂದು ಮೊಳ ಮೇಲಕ್ಕೆ ಏರಿಸಿದೆ, ಕನ್ನಡಕದ ಕಡ್ಡಿಗಳನ್ನ ಕಿವಿಯಿಂದ ಚೂರೇ ಚೂರು ಎತ್ತಿದೆ, ಗಾಜು ಸ್ವಲ್ಪ ಕೆಳಮುಖ ಆಯ್ತು, ಹೊಳಪು ಮಾಯ, ಎರಡೂ ಕಣ್ಣು ಸ್ವಚ್ಛವಾಗಿ ಕಾಣ್ತು. ಎರಡು ನಿಮಿಷದ ಕೆಲಸ, ಮೊದಲ್ನೇ ಸಲಾನೇ ಮಾಡ್ಬೇಕಾಗಿತ್ತು. ಆಮೇಲೆ ನಗಿ ಅಂತ ಹೇಳ್ಲಿಲ್ಲ, ಕಾಂಕ್ರೀಟ್ ಯಾಕೆ ಮೇಡಮ್ ಬಿರುಕು ಬಿಡತ್ತೆ ಅಂತ ಕೇಳಿದೆ. ಶುರು ಮಾಡಿದ್ರು ನೋಡಿ, ನೀರು ಆರೋದು, ಕುಗ್ಗೋದು, ಒಳಗಿನ ಎಳೆತ, ಎರಡೂ ಕೈಯಲ್ಲಿ ಗಾಳಿಯಲ್ಲೇ ತೋರಿಸ್ತಾ, ಎಡಗಡೆ ಹುಬ್ಬು ಒಂದು ಚೂರು ಮೇಲೆ ಹೋಯ್ತು, ಅರ್ಥ ಆಯ್ತಾ ನಿನಗೆ ಅನ್ನೋ ಹಾಗೆ ನನ್ನ ಕಡೆ ನೋಡಿದ್ರು, ಆಗ ಒತ್ತಿದೆ ಬಟನ್ನು. ಅದೇ ಫೋಟೋ. ಅವರ ವಿದ್ಯಾರ್ಥಿಗಳು ಯಾರನ್ನ ಬೇಕಾದ್ರೂ ಕೇಳಿ, ಆ ಹುಬ್ಬು ಅವರಿಗೆಲ್ಲ ಗೊತ್ತು.

ಟೈಮ್ ಅರ್ಧಕ್ಕಿಂತ ಜಾಸ್ತಿ ಇದಕ್ಕೇ ಹೋಯ್ತು, ಉಳಿದಿದ್ದನ್ನ ಬೇಗ ಬೇಗ ಹೇಳ್ತೀನಿ, ಆದ್ರೆ ಮೊದಲ್ನೇದನ್ನ ಮಾತ್ರ ದಯವಿಟ್ಟು ಗಮನ ಇಟ್ಟು ಕೇಳಿ. ಕೈ ಚಾಚಿ ಸೆಲ್ಫಿ ತೆಗೆದು ಹೆಡ್‌ಶಾಟ್ ಅಂತ ಹಾಕ್ಬೇಡಿ. ಕ್ಯಾಮೆರಾ ಹತ್ರ ಇದ್ದಾಗ ಮೂಗು ಕ್ಯಾಮೆರಾಗೆ ಹತ್ರ, ಕಿವಿ ದೂರ, ಅದಕ್ಕೇ ಮೂಗು ದೊಡ್ಡದಾಗಿ ಕಿವಿ ಹಿಂದಕ್ಕೆ ಹೋಗಿಬಿಡತ್ತೆ. 2018ರಲ್ಲಿ ಅಮೆರಿಕಾದ ಸರ್ಜನ್ ಬೋರಿಸ್ ಪಾಸ್ಕೋವರ್ ಮತ್ತವರ ಜೊತೆಯೋರು ಲೆಕ್ಕ ಹಾಕಿ ತೋರಿಸಿದ್ರು, 5 ಅಡಿ ದೂರದಿಂದ ತೆಗೆದಿದ್ದಕ್ಕೆ ಹೋಲಿಸಿದ್ರೆ 12 ಇಂಚಿನಿಂದ ತೆಗೆದ ಸೆಲ್ಫೀಲಿ ಮೂಗು ಹತ್ತಿರ ಹತ್ತಿರ 30 ಪರ್ಸೆಂಟ್ ಅಗಲ ಕಾಣತ್ತೆ ಅಂತ. ನಿಮ್ಮ ಮೂಗಲ್ಲಿ ಏನೂ ತಪ್ಪಿಲ್ಲ ಕಣ್ರೀ, ದೂರದ್ದು ತಪ್ಪು. ಫೋನನ್ನ ಇನ್ನೊಬ್ಬರ ಕೈಗೆ ಕೊಡಿ, 5-6 ಅಡಿ ದೂರ ನಿಲ್ಲಿಸಿ, ಲೆನ್ಸು ನಿಮ್ಮ ಕಣ್ಣಿನ ಎತ್ತರಕ್ಕೆ ಇರ್ಲಿ, ಫೋನಲ್ಲಿ 2ಎಕ್ಸ್ ಅಂತ ಇದ್ರೆ ಅದನ್ನ ಒತ್ತಿ. ಸ್ಟುಡಿಯೋದಲ್ಲಿ ನಾವು 85 ಎಂಎಂ ಲೆನ್ಸ್, ಅಂದ್ರೆ ದೂರದಿಂದ್ಲೇ ಮುಖ ದೊಡ್ಡದಾಗಿ ತೋರಿಸೋ ಲೆನ್ಸ್, ಹಾಕ್ಕೊಂಡು ದೂರ ನಿಲ್ಲೋದೂ ಇದಕ್ಕೇ. ಎದುರಿಗೆ ಕೂತು ಮಾತಾಡೋರು ನಿಮ್ಮನ್ನ ನೋಡೋದು ಹೆಚ್ಚುಕಮ್ಮಿ ಅಷ್ಟೇ ದೂರದಿಂದ ಅಲ್ವಾ, ಅದಕ್ಕೇ ಗುರುತು ಸಿಗತ್ತೆ.

ಬೆಳಕು. ತಲೆ ಮೇಲಿನ ಟ್ಯೂಬ್‌ಲೈಟ್ ಆರಿಸಿ, ಮೇಲಿಂದ ಬೀಳೋ ಬೆಳಕಲ್ಲಿ ಕಣ್ಣು ಎರಡು ಗುಂಡಿ ಥರ ಕಾಣತ್ತೆ. ನೇರ ಬಿಸಿಲು ಬೀಳದೇ ಇರೋ ಒಂದು ಕಿಟಕಿ ಹುಡುಕಿ, ಅದಕ್ಕೆ ಮುಖ ಮಾಡಿ ಕೂತು ಸ್ವಲ್ಪ ಓರೆಯಾಗಿ ತಿರುಗಿ. ಕಣ್ಣಿನ ಕಪ್ಪು ಭಾಗದಲ್ಲಿ ಕಿಟಕಿ ಚಿಕ್ಕದಾಗಿ ಬೆಳ್ಳಗೆ ಹೊಳೀತಿದೆಯಾ ನೋಡಿ, ನಾವು ಅದಕ್ಕೆ ಕ್ಯಾಚ್‌ಲೈಟ್ ಅಂತೀವಿ. ಅದು ಇದ್ರೆ ಕಣ್ಣಲ್ಲಿ ಜೀವ ಇರತ್ತೆ, ಇಲ್ದೇ ಇದ್ರೆ ನಿದ್ದೆಗಣ್ಣು. ಫೋಕಸ್ ಕೂಡ ಕಣ್ಣಿನ ಮೇಲೇ, ಕಿವಿ ಮಸುಕಾದ್ರೂ ಪರ್ವಾಗಿಲ್ಲ.

ಹಲ್ಲು ಕಾಣ್ಬೇಕಾ ಬೇಡ್ವಾ ಅಂತ ಎಲ್ಲರೂ ಕೇಳ್ತಾರೆ. ನನಗೆ ಹಲ್ಲಿನ ಚಿಂತೆ ಇಲ್ಲ, ಕಣ್ಣಿನ ಚಿಂತೆ. 1862ರಲ್ಲೇ ಫ್ರಾನ್ಸಿನ ಡಾಕ್ಟರ್ ಡ್ಯೂಶೆನ್ ಬರೆದಿಟ್ಟಿದಾರೆ, ತುಟಿ ಮೇಲೆಳೆಯೋ ಸ್ನಾಯು ನಾವು ಹೇಳಿದ ಹಾಗೆ ಕೇಳತ್ತೆ, ಕಣ್ಣಿನ ಸುತ್ತ ಇರೋ ಸ್ನಾಯು ನಿಜವಾದ ಖುಷಿಗೇ ಕೇಳೋದು ಅಂತ. ಅದಕ್ಕೇ ಒನ್ ಟೂ ತ್ರೀ ಸ್ಮೈಲ್ ಅಂತ ಹೇಳೋ ಫೋಟೋಗ್ರಾಫರ್ ಹತ್ರ ಸತ್ತ ನಗು ಸಿಗತ್ತೆ. ಫೋಟೋ ತೆಗೆಯೋರ ಜೊತೆ ನಿಮ್ಮ ಕೆಲಸದ ಬಗ್ಗೆ ಮಾತಾಡಿ, ಮಾತಾಡ್ತಾನೇ ತೆಗೆಸ್ಕೊಳ್ಳಿ, 50 ತೆಗೀಲಿ, 100 ತೆಗೀಲಿ, ಒಂದರಲ್ಲಿ ನೀವು ಸಿಗ್ತೀರಾ. ನಗು ಬರ್ದೇ ಇರೋ ಮನುಷ್ಯ ಆದ್ರೆ ನಗಬೇಡಿ, ಗಂಭೀರ ಮುಖಾನೂ ಮುಖಾನೇ. ಕತ್ತು ಹಿಂದಕ್ಕೆ ಎಳ್ಕೋಬೇಡಿ, ಹೆದರಿದಾಗ ಎಲ್ಲರೂ ಹಾಗೇ ಮಾಡ್ತಾರೆ, ಗಲ್ಲದ ಕೆಳಗೆ ಮಡಿಕೆ ಬರತ್ತೆ, ಹಣೆಯನ್ನ ಕ್ಯಾಮೆರಾ ಕಡೆಗೆ ಚೂರು ಮುಂದೆ ತಂದು ಗಲ್ಲ ಸ್ವಲ್ಪ ಇಳಿಸಿ, ವಿಚಿತ್ರ ಅನ್ನಿಸತ್ತೆ, ಫೋಟೋದಲ್ಲಿ ಸರಿಯಾಗಿ ಕಾಣತ್ತೆ.

ಬಟ್ಟೆ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ, ಕೆಲ್ಸಕ್ಕೆ ಹಾಕ್ಕೊಂಡು ಹೋಗೋದನ್ನೇ ಹಾಕಿ, ಸಣ್ಣ ಸಣ್ಣ ಗೀರುಗಳಿರೋ ಶರ್ಟ್ ಮಾತ್ರ ಬೇಡ, ಕ್ಯಾಮೆರಾದಲ್ಲಿ ಅಲೆ ಅಲೆಯಾಗಿ ಕಾಣತ್ತೆ. ಹಿಂದೆ ಸಾದಾ ಗೋಡೆ ಇರ್ಲಿ, ಗೋಡೆಗೆ ಅಂಟಿಕೊಂಡು ನಿಲ್ಲಬೇಡಿ, ನಾಲ್ಕು ಹೆಜ್ಜೆ ಮುಂದೆ ಬನ್ನಿ. ತಲೆ ಸುತ್ತ ಜಾಗ ಬಿಡಿ, ರೌಂಡ್ ಆಗಿ ಕಟ್ ಆದಾಗ ಕೂದಲು ಹೋಗ್ಬಾರ್ದು.

ರಿಟಚ್, ಅಂದ್ರೆ ತೆಗೆದ ಫೋಟೋನ ಕಂಪ್ಯೂಟರಲ್ಲಿ ತಿದ್ದೋದು, ಮಾಡ್ಲೇಬಾರ್ದಾ ಅಂತ ಕೇಳಿದ್ರೆ, ನಾನು ಈಗ್ಲೂ ಮಾಡ್ತೀನಿ. ಎರಡು ವಾರದಲ್ಲಿ ತಾನಾಗೇ ಹೋಗೋದನ್ನ ತೆಗೀತೀನಿ, ಮೊಡವೆ, ಶೇವಿಂಗ್ ಗಾಯ, ಕೋಟಿನ ಮೇಲಿನ ದಾರ. ಎರಡು ವಾರ ಆದ್ರೂ ಇರೋದನ್ನ ಮುಟ್ಟಲ್ಲ, ಮಚ್ಚೆ, ಗೆರೆ, ಹಳೇ ಗಾಯದ ಗುರುತು. ಈಗ ಎಐ ಬಂದಿದೆ, ನಾಲ್ಕು ಸೆಲ್ಫಿ ಹಾಕಿದ್ರೆ ಕೋಟು ತೊಡಿಸಿ ಆಫೀಸಲ್ಲಿ ನಿಲ್ಲಿಸಿ ಕೊಡತ್ತೆ, ಎಷ್ಟು ಚೆನ್ನಾಗಿದೆ ನೋಡಿ ಸರ್ ಅಂತ ತಂದು ತೋರಿಸ್ತಾರೆ. ಚೆನ್ನಾಗೇ ಇರತ್ತೆ. ಆದ್ರೆ ಹಲ್ಲಿನ ಸಾಲು ನಿಮ್ಮದಲ್ಲ, ಕಿವಿ ನಿಮ್ಮದಲ್ಲ, ಇಂಟರ್‌ವ್ಯೂ ರೂಮಿಗೆ ನೀವು ಕಾಲಿಟ್ಟಾಗ ಅವರು ಆ ಹುಡುಗನ ಥರಾನೇ ಒಂದ್ಸಲ ಫೋನು ಒಂದ್ಸಲ ನಿಮ್ಮನ್ನ ನೋಡ್ತಾರೆ. ಐದು ವರ್ಷ ಹಳೇ ಫೋಟೋ ಹಾಕಿದ್ರೂ ಅದೇ ಕಥೆ, ಗಡ್ಡ ಬಿಟ್ರೆ, ಕೂದಲು ಕತ್ತರಿಸಿದ್ರೆ, ಕನ್ನಡಕ ಬಂದ್ರೆ ಹೊಸದು ತೆಗೆಸಿ.

ಕೊನೇದು, ಯಾವ ಫೋಟೋ ಹಾಕೋದು ಅಂತ ನೀವೇ ಆರಿಸ್ಬೇಡಿ. ನಮಗೆ ನಮ್ಮ ಮುಖ ಗೊತ್ತಿರೋದು ಕನ್ನಡಿಯಿಂದ, ಅಲ್ಲಿ ಎಡ ಬಲ ಅದಲುಬದಲು. 1977ರಲ್ಲಿ ಮೀಟಾ ಅನ್ನೋರು ಮತ್ತವರ ಜೊತೆಗಾರರು ಒಂದೇ ಮುಖದ ಫೋಟೋವನ್ನ ಎರಡು ಥರ ಪ್ರಿಂಟ್ ಹಾಕಿ ತೋರಿಸಿದ್ರು, ಒಂದು ಕನ್ನಡೀಲಿ ಕಾಣೋ ಹಾಗೆ, ಇನ್ನೊಂದು ಲೋಕಕ್ಕೆ ಕಾಣೋ ಹಾಗೆ. ಫೋಟೋದಲ್ಲಿದ್ದೋರಿಗೆ ಕನ್ನಡೀದು ಇಷ್ಟ ಆಯ್ತು, ಅವರ ಸ್ನೇಹಿತರಿಗೆ ಇನ್ನೊಂದು. ನಾನು ಫೋಟೋದಲ್ಲಿ ಚೆನ್ನಾಗಿ ಬರಲ್ಲ ಅಂತ ನೀವು ಹೇಳ್ತೀರಲ್ಲ, ಬಹಳ ಸಲ ಕಾರಣ ಇಷ್ಟೇ. ಹಾಗಾಗಿ ಒಂದು ಐದಾರು ಫೋಟೋ ಇಟ್ಕೊಂಡು ದಿನಾ ನಿಮ್ಮ ಜೊತೆ ಕೆಲಸ ಮಾಡೋರಿಗೆ ತೋರಿಸಿ. ಯಾವುದು ಚೆನ್ನಾಗಿದೆ ಅಂತ ಕೇಳ್ಬೇಡಿ, ಇದರಲ್ಲಿ ನಾನು ಯಾವುದು ಅಂತ ಕೇಳಿ. ಅವರು ಯೋಚನೆ ಮಾಡದೆ ಯಾವುದರ ಮೇಲೆ ಬೆರಳಿಡ್ತಾರೋ ಅದನ್ನ ಹಾಕಿ, ನಿಮಗೆ ಇಷ್ಟ ಆಗ್ದೇ ಇದ್ರೂ ಅದನ್ನೇ ಹಾಕಿ. ನಮಸ್ಕಾರ.