ನೊರೆ ಇಲ್ಲದ ಜಾಗ

ಕೇಳುಗರಿಗೆ ನಮಸ್ಕಾರ. ದ್ವೀಪಕ್ಕೆ ರಜೆಗೆ ಹೊರಟವರ ಚೀಲದಲ್ಲಿ ಈಜುಡುಗೆ, ಟೋಪಿ, ಕ್ಯಾಮೆರಾ ಎಲ್ಲ ಇರುತ್ತದೆ. ಸಮುದ್ರ ನೋಡುವ ಪುರುಸೊತ್ತು ಮಾತ್ರ ಇರುವುದಿಲ್ಲ. ಬಂದ ಕೂಡಲೇ ನೀರಿಗೆ ಓಟ. ಇಳಿಯುವ ಮೊದಲು ಒಂದು 10 ನಿಮಿಷ ಸುಮ್ನೆ ದಡದಲ್ಲಿ ನಿಂತು ನೋಡಿ.

ಅಲೆಗಳು ಸಾಲಾಗಿ ಬಂದು ಬೆಳ್ಳಗೆ ಒಡೆಯುತ್ತಿರುತ್ತವೆ. ನಡುವೆ ಒಂದು ಕಡೆ ನೊರೆಯೇ ಇಲ್ಲ. ನೀರು ಸ್ವಲ್ಪ ಕಪ್ಪಗೆ, ಓಣಿಯ ಹಾಗೆ ಒಳಕ್ಕೆ ಚಾಚಿರುತ್ತದೆ. ಒಂದು ಕಡ್ಡಿ ತೇಲಿಕೊಂಡು ದಡಕ್ಕೆ ಬರುವ ಬದಲು ಕಡಲಿನ ಕಡೆಗೇ ಹೋಗುತ್ತಿರುತ್ತದೆ. ಮಕ್ಕಳನ್ನು ಆಡಿಸಲು ಇದೇ ಒಳ್ಳೆಯ ಜಾಗ ಅನಿಸುತ್ತದೆ, ಅಲ್ವಾ? ಮೋಸ ಇರುವುದೇ ಅಲ್ಲಿ. ದಡಕ್ಕೆ ನುಗ್ಗಿದ ನೀರು ವಾಪಸ್ ಹೋಗಲು ಮಾಡಿಕೊಂಡ ದಾರಿ ಅದು. ರಿಪ್ ಕರೆಂಟ್ ಅನ್ನುತ್ತಾರೆ, ಅಂದರೆ ಸೆಳವು. ಜೋರಾದಾಗ ಸೆಕೆಂಡಿಗೆ 2 ಮೀಟರಿಗೂ ಜಾಸ್ತಿ ವೇಗ ಬರುತ್ತದೆ. ಒಲಿಂಪಿಕ್ ಈಜುಗಾರರಿಗೂ ಅದರ ಎದುರು ಈಜುವುದು ಕಷ್ಟ.

ಸೆಳವು ನಿಮ್ಮನ್ನು ನೀರಿನಡಿಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ ಅಷ್ಟೇ. ಜನ ಮುಳುಗುವುದು ಗಾಬರಿಯಲ್ಲಿ ದಡದ ಕಡೆಗೇ ಕೈಬಡಿದು ಸುಸ್ತಾಗಿ. ಸಿಕ್ಕಿಕೊಂಡರೆ ಅಂಗಾತ ತೇಲಿ, ಕೈಯೆತ್ತಿ ಬೀಸಿ, ಕೂಗಿ. ಶಕ್ತಿ ಇದ್ದರೆ ಪಕ್ಕಕ್ಕೆ, ಅಲೆ ಒಡೆಯುತ್ತಿರುವ ಕಡೆಗೆ ಈಜಿ. ಬೇರೆಯವರು ಸಿಕ್ಕಿಕೊಂಡರೆ ತೇಲುವಂಥದ್ದೇನಾದರೂ ಎಸೆಯಿರಿ, ಲೈಫ್‌ಗಾರ್ಡನ್ನು ಕರೆಯಿರಿ. ನೀವೇ ಧುಮುಕಬೇಡಿ. ಕೆಂಪು-ಹಳದಿ ಬಾವುಟ ನೆಟ್ಟಿದ್ದರೆ ಅವುಗಳ ನಡುವೆಯೇ ಈಜಿ.

ಬಿಸಿಲೂ ಹೀಗೇ ಕಳ್ಳ. ಗಾಳಿ ತಂಪಾಗಿ ಬೀಸುವಾಗ ಚರ್ಮ ಸುಡುವುದು ಗೊತ್ತೇ ಆಗುವುದಿಲ್ಲ. ಒಮ್ಮೆ ಮೋಡ ಇದೆಯಲ್ಲ ಅಂತ ನಾನು ಮುಖಕ್ಕೆ, ತೋಳಿಗೆ ಮಾತ್ರ ಸನ್‌ಸ್ಕ್ರೀನ್ ಹಚ್ಚಿಕೊಂಡೆ. ಪಾದದ ಮೇಲ್ಭಾಗ ಮರೆತೆ. ಮೂರು ದಿನ ಚಪ್ಪಲಿ ಹಾಕಲು ಆಗಲಿಲ್ಲ. ಸನ್‌ಸ್ಕ್ರೀನ್ ಬಿಸಿಲನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ ಎಸ್‌ಪಿಎಫ್; ಅದು 30 ಅಥವಾ ಅದಕ್ಕಿಂತ ಮೇಲಿರುವುದು ತಗೊಳ್ಳಿ, ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದ ಮೇಲೂ ಹಚ್ಚಿ. ಹವಾಯಿಯಲ್ಲಿ ಹವಳಕ್ಕೆ ಕೆಡುಕು ಅಂತ ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರಾಟವನ್ನು 2021ರಿಂದ ನಿಲ್ಲಿಸಿದ್ದಾರೆ. ಉದ್ದ ತೋಳಿನ ಅಂಗಿಗೆ ಈ ತಾಪತ್ರಯವೇ ಇಲ್ಲ. ಬಾಯಾರಿಕೆ ಆಗಲಿ ಅಂತ ಕಾಯದೆ ನೀರು ಕುಡಿಯುತ್ತಿರಿ.

ಅದೇ ಹವಾಯಿಯ ಕೆಲವು ದಡಗಳಿಗೆ ಹುಣ್ಣಿಮೆ ಕಳೆದು 8ರಿಂದ 10 ದಿನಕ್ಕೆ ಬಾಕ್ಸ್ ಜೆಲ್ಲಿ ಮೀನುಗಳು ಬರುತ್ತವೆ. ಲೈಫ್‌ಗಾರ್ಡುಗಳು ಕ್ಯಾಲೆಂಡರ್ ನೋಡಿಯೇ ಎಚ್ಚರಿಸುತ್ತಾರೆ. ಜೆಲ್ಲಿ ಮೀನು ಕುಟುಕಿದ ಜಾಗಕ್ಕೆ ಮರಳು ಉಜ್ಜಬೇಡಿ. ಮೂತ್ರ ಹಾಕಿದರೆ ವಾಸಿ ಅನ್ನುವುದು ಬರೀ ಸುಳ್ಳು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಓಡಿ.

ಹವಳದ ಬಂಡೆಗಳ ನಡುವೆ ಸಿಗುವ ಬರಾಕುಡಾ ಮೀನಿನಂಥ ದೊಡ್ಡ ಮೀನು ತಿನ್ನದಿರುವುದೇ ಮೇಲು. ಅದರಲ್ಲಿ ಸಿಗ್ವಾಟೆರಾ ಎಂಬ ಕಾಯಿಲೆ ತರುವ ನಂಜು ಇರಬಹುದು, ಎಷ್ಟು ಬೇಯಿಸಿದರೂ ಹೋಗುವುದಿಲ್ಲ.

ಇನ್ನೊಂದು. ಸಿಲಿಂಡರ್ ಕಟ್ಟಿಕೊಂಡು ಹಲವು ಸಲ ಡೈವಿಂಗ್ ಮಾಡಿದವರು ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ಬಿಡಬೇಕು. ಆ ಹೊತ್ತು ಮರದ ನೆರಳಲ್ಲಿ ಮಲಗಿ. ತೆಂಗಿನ ಮರ ಮಾತ್ರ ಬೇಡ, ಕಾಯಿ ಬೀಳುತ್ತದೆ. ನಮಸ್ಕಾರ.