ಎಂಟು ಬೋಲ್ಟಿನ ಲೆಕ್ಕ

ನಮಸ್ಕಾರ. ಪುಣೆಯ ಪಿಂಪ್ರಿಯಲ್ಲಿರುವ ನನ್ನ ಮನೆಯ ಹಿಂಬದಿಯ ಕೋಣೆಯಿಂದ ಮಾತನಾಡುತ್ತಿದ್ದೇನೆ. ಹೋದ ಸಂಚಿಕೆಯಲ್ಲಿ ನನ್ನ ಇಸುಜು ವಿ-ಕ್ರಾಸ್ ಪಿಕಪ್ಪನ್ನು ಎರಡು ಇಂಚು ಎತ್ತರಿಸಿದ ಬಿಲ್ಲನ್ನು ಸಾಲು ಸಾಲಾಗಿ ಓದಿದ್ದೆ: ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ಸಸ್ಪೆನ್ಷನ್ ಕಿಟ್ಟಿಗೆ 1,15,000 ರೂಪಾಯಿ, ಮುಂದಿನ ಚಕ್ರಗಳನ್ನು ಮೇಲಿನಿಂದ ಹಿಡಿಯುವ ಅಪ್ಪರ್ ಆರ್ಮ್ ಜೋಡಿಗೆ 42,000, ಮಜೂರಿಗೆ 22,000, ಚಕ್ರಗಳ ಅಲೈನ್‌ಮೆಂಟಿಗೆ 1,800. ಒಟ್ಟು 1,80,800. ಅದನ್ನು ಕೇಳಿದ ವೀಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: “ಅಣ್ಣಾ, ಎಂಟು ಬೋಲ್ಟ್ ಬಿಚ್ಚಿ ಎಂಟು ಬೋಲ್ಟ್ ಹಾಕುವುದಕ್ಕೆ ಇಪ್ಪತ್ತೆರಡು ಸಾವಿರವೇ? ನಿಮಗೆ ಟೋಪಿ ಹಾಕಿದ್ದಾರೆ.”

ಲಕ್ಷ ದಾಟಿದ ಕಿಟ್ಟಿನ ಬಗ್ಗೆ ಆ ಮಹಾನುಭಾವರು ತುಟಿ ಬಿಚ್ಚಿಲ್ಲ. ಬಿಲ್ಲಿನ ಎಂಟರಲ್ಲೊಂದು ಪಾಲೂ ಆಗದ ಮಜೂರಿ ಮಾತ್ರ ಅವರ ಕಣ್ಣಿಗೆ ಚುಚ್ಚಿದೆ. ಆನೆ ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡುವುದೆಂದರೆ ಇದೇ. ನಾನು ಹೇಳುವುದಿಷ್ಟೆ: ಆ ಬಿಲ್ಲಿನಲ್ಲಿ ಮಜೂರಿಯಷ್ಟು ಅಗ್ಗದ ಸಾಲು ಇನ್ನೊಂದಿಲ್ಲ. ಅಲೈನ್‌ಮೆಂಟ್ 1,800 ತಾನೇ ಎಂದು ಲೆಕ್ಕ ತಪ್ಪು ಹಿಡಿಯಲು ಹೊರಟವರಿಗೆ ತಿಳಿಸುತ್ತೇನೆ, ಅದೂ ಮಜೂರಿಯೇ.

ಆ ಎಂಟು ಬೋಲ್ಟುಗಳ ಕಥೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಈ ಪಿಕಪ್ಪಿನ ಮುಂಭಾಗದಲ್ಲಿ ಡಬಲ್ ವಿಶ್‌ಬೋನ್, ಅಂದರೆ ಪ್ರತಿ ಚಕ್ರವನ್ನು ಮೇಲೊಂದು ಕೆಳಗೊಂದು ಆರ್ಮ್ ಹಿಡಿದಿರುವ ವ್ಯವಸ್ಥೆ, ಇದೆ; ಹಿಂಭಾಗದಲ್ಲಿ ಲೀಫ್ ಸ್ಪ್ರಿಂಗ್, ಅಂದರೆ ಇಲ್ಲಿಯ ಗ್ಯಾರೇಜಿನವರು ಪಾಟಾ ಎನ್ನುವುದು, ಇದೆ. ಮುಂದಿನ ಸ್ಪ್ರಿಂಗು ನೂರಾರು ಕಿಲೋ ಭಾರವನ್ನು ಹೊತ್ತು ಅದುಮಿಕೊಂಡು ಕುಳಿತಿರುತ್ತದೆ. ಅದನ್ನು ಸ್ಪ್ರಿಂಗ್ ಅದುಮಿ ಹಿಡಿಯುವ ಕಂಪ್ರೆಸರಿನಲ್ಲಿ ಹಿಡಿದು ಬಿಚ್ಚುವಾಗ ಕೈ ಜಾರಿದರೆ ಮಿಸ್ತ್ರಿಯ ದವಡೆ ಉಳಿಯುವುದಿಲ್ಲ. ಹೊಸ ಸ್ಪ್ರಿಂಗು ಕುಳಿತ ಮೇಲೆ ಆರ್ಮಿನ ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಗಾಡಿ ಜ್ಯಾಕಿನ ಮೇಲಿರುವಾಗ ಬಿಗಿಯುವಂತಿಲ್ಲ. ಚಕ್ರಗಳು ನೆಲ ಮುಟ್ಟಿ, ಗಾಡಿಯ ಭಾರವೆಲ್ಲ ಅವುಗಳ ಮೇಲೆ ಬಿದ್ದ ನಂತರವೇ ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿಯಬೇಕು; ಇಲ್ಲವಾದರೆ ಬುಷ್ ಸದಾ ತಿರುಚಿಕೊಂಡ ಸ್ಥಿತಿಯಲ್ಲೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಹಿಂದೆ ಪಾಟಾಗಳನ್ನು ಆಕ್ಸಲಿಗೆ ಕಟ್ಟುವ ಯು-ಬೋಲ್ಟುಗಳು ಬಿಗಿತದಲ್ಲಿ ಒಮ್ಮೆ ಎಳೆದುಕೊಂಡಿರುವುದರಿಂದ ಹಳೆಯವನ್ನು ಮತ್ತೆ ಹಾಕಬಾರದು. ಎತ್ತರ ಹೆಚ್ಚಾದಾಗ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರು ಎಳೆದುಕೊಳ್ಳುತ್ತವೆಯೇ ಎಂದು ಚಕ್ರವನ್ನು ಪೂರ್ತಿ ಇಳಿಬಿಟ್ಟು, ಸ್ಟೀರಿಂಗನ್ನು ಎರಡೂ ಕಡೆಗೆ ತಿರುಗಿಸಿ ನೋಡಬೇಕು. ಹಿಂದಿನ ಆಕ್ಸಲಿನ ಭಾರವನ್ನು ಅಳೆದು ಬ್ರೇಕಿನ ಒತ್ತಡ ಹಂಚುವ ಕವಾಟ ಅನೇಕ ಪಿಕಪ್ಪುಗಳಲ್ಲಿ ಇರುತ್ತದೆ. ಗಾಡಿಯನ್ನು ಎತ್ತರಿಸಿ ಅದನ್ನು ಹಾಗೆಯೇ ಬಿಟ್ಟರೆ ಗಾಡಿ ಖಾಲಿ ಇದೆ ಎಂದು ತಿಳಿದು ಅದು ಹಿಂದಿನ ಬ್ರೇಕಿನ ಒತ್ತಡವನ್ನು ಕಡಿಮೆ ಮಾಡುತ್ತದೆ. ಕೊನೆಗೆ ಹೆಡ್‌ಲೈಟನ್ನು ತಗ್ಗಿಸಬೇಕು, ಇಲ್ಲದಿದ್ದರೆ ಖಂಡಾಳಾ ಘಾಟಿನಲ್ಲಿ ಎದುರಿಗೆ ಬರುವವರೆಲ್ಲ ನಿಮ್ಮ ವಂಶವನ್ನು ಸ್ಮರಿಸುತ್ತಾರೆ. ಎಣಿಸಿದಿರಾ, ಎಷ್ಟು ಬೋಲ್ಟಾಯಿತು?

ನಾನು ಹುಟ್ಟಿನಿಂದಲೇ ಜ್ಞಾನಿಯಾಗಿದ್ದೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಮೂರು ವರ್ಷದ ಹಿಂದೆ ಇದೇ ಗಾಡಿಗೆ ಭೋಸರಿಯ ಒಂದು ಶೆಡ್ಡಿನಲ್ಲಿ ಆರು ಸಾವಿರ ಮಜೂರಿ ಕೊಟ್ಟು ಸ್ಪೇಸರ್, ಅಂದರೆ ಸ್ಪ್ರಿಂಗ್ ಬದಲಿಸದೆ ಶಾಕ್ ಅಬ್ಸಾರ್ಬರಿನ ತಲೆಯ ಮೇಲಿಟ್ಟು ಗಾಡಿ ಎತ್ತರಿಸುವ ಬಿಲ್ಲೆ, ಹಾಕಿಸಿದ್ದೆ, ಉಳಿಸಿದ ಹಣದಲ್ಲಿ ಮನೆಯವರಿಗೆ ಸೀರೆ ಕೊಡಿಸಿ ಬೀಗಿದ್ದೆ. ಊರಿಗೆ ಹೊರಟವನಿಗೆ ಖಂಬಾಟ್ಕಿ ಘಾಟು ದಾಟುವಷ್ಟರಲ್ಲಿ ಸ್ಟೀರಿಂಗು ಕೈ ಬಿಟ್ಟರೆ ಸಾಕು, ಗಾಡಿ ಎಡಕ್ಕೆ ಎಳೆಯತೊಡಗಿತು. ನಿಪ್ಪಾಣಿಯವರೆಗೆ ರಸ್ತೆಯ ದೋಷವೆಂದು ಬೈದುಕೊಂಡೆ, ಬೆಳಗಾವಿಯಲ್ಲಿ ಇಳಿದು ನೋಡಿದೆ. ಎಂಟನೆಯ ತಿಂಗಳಿಗೆ ಬುಷ್‌ಗಳು ಹರಿದವು. ಮುಂದಿನ ಎರಡೂ ಟೈರುಗಳು ಒಂದೇ ಅಂಚಿನಲ್ಲಿ ಸವೆದು ನುಣ್ಣಗಾದವು. ಟೈರಿಗೆ 24,000, ಬುಷ್‌ಗೆ 9,500. ಅಗ್ಗವೆಂದು ಮುಗ್ಗಿದ ಜೋಳ ಕೊಂಡವನು ನಾನೇ. ಸೀರೆ ಮಾತ್ರ ಇನ್ನೂ ಚೆನ್ನಾಗಿದೆ.

ಇನ್ನು ಆಕ್ಷೇಪಗಳು. ಸ್ಪೇಸರ್ ಹಾಕಿದರೆ ಅಗ್ಗದಲ್ಲಿ ಕೆಲಸ ಮುಗಿಯುವುದಲ್ಲವೇ ಎನ್ನುವವರಿದ್ದಾರೆ. ಮುಗಿಯುತ್ತದೆ, ಗಾಡಿಯೂ ಮುಗಿಯುತ್ತದೆ. ಡಬಲ್ ವಿಶ್‌ಬೋನಿನಲ್ಲಿ ಶಾಕ್ ಅಬ್ಸಾರ್ಬರು ಕೆಳಗಿನ ಆರ್ಮಿನ ನಡುಭಾಗದಲ್ಲಿ ಕೂರುವುದರಿಂದ ಅದರ ತಲೆಯ ಮೇಲೆ ಒಂದಿಂಚು ಇಟ್ಟರೆ ಚಕ್ರದ ಬಳಿ ಹೆಚ್ಚುಕಡಿಮೆ ಎರಡಿಂಚು ಏರುತ್ತದೆ. ಇದು ತಿಳಿಯದೆ ಎರಡಿಂಚಿನ ಸ್ಪೇಸರ್ ತಂದು ನಾಲ್ಕಿಂಚು ಏರಿಸಿ, ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಸಿವಿ ಜಾಯಿಂಟು ಮುರಿದುಕೊಂಡವರು ಉಚಿತ ಬುದ್ಧಿವಾದ ಹೇಳುವುದರಲ್ಲಿ ಮುಂದಿರುತ್ತಾರೆ. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಎಲ್ಲವೂ ಅರ್ಧ ಬೆಲೆಗೆ ಸಿಗುತ್ತದೆ ಎಂದು ಮುಂಬಯಿಯ ಭಾವನವರು ಹೇಳಿದರು. ಸಾಮಾನು ಸಿಗಬಹುದು ಭಾವನವರೇ, ಆದರೆ ಕಡಲ ಗಾಳಿಗೆ ತುಕ್ಕು ಹಿಡಿದು ಅಂಟಿಕೊಂಡ ನಿಮ್ಮ ಗಾಡಿಯ ಬೋಲ್ಟುಗಳನ್ನು ಗ್ಯಾಸ್ ಕಟರಿನಿಂದ ಕತ್ತರಿಸಿ ತೆಗೆಯುವವನು ಅರ್ಧ ಬೆಲೆಗೆ ಸಿಗುತ್ತಾನೆಯೇ? ಇನ್ನೊಬ್ಬರ ವಾದ ಜಿಎಸ್‌ಟಿಯದು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಹಾಗಾಗಿ ಮಜೂರಿಯೂ ಇಳಿಯಬೇಕಂತೆ. ಸ್ವಾಮಿ, ಮಜೂರಿಯ ಮೇಲಿನ ತೆರಿಗೆ ಮೊದಲಿನಿಂದಲೂ 18.

ಕಾನೂನಿನ ಪ್ರಶ್ನೆಯನ್ನು ಮಾತ್ರ ನಗೆಯಾಡಿ ತಳ್ಳುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸುವುದನ್ನು ತಡೆಯುತ್ತದೆ, 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಬಹುದು. ಆದ್ದರಿಂದ ಕಿಟ್ಟು ಕೊಳ್ಳುವ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿಯ ಸಾಲಿನಲ್ಲಿ ನಿಂತಾಗ ಕೇಳುವುದಕ್ಕೆ ನಮ್ಮ ಹಳೆಯ ನಲವತ್ತು ಸಂಚಿಕೆಗಳಿವೆ, ಸಬ್‌ಸ್ಕ್ರೈಬ್ ಮಾಡಿಕೊಂಡರೆ ಹೊಸದೂ ಬರುತ್ತದೆ.

ಮಜೂರಿಗೆ ಬರುತ್ತೇನೆ. ಇಬ್ಬರು ಮಿಸ್ತ್ರಿಗಳು, ಎರಡು ದಿನ, ಸಾವಿರ ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಎಲ್ಲ ಬೋಲ್ಟುಗಳ ಬಿಗಿತದ ಪರೀಕ್ಷೆ, ಇಷ್ಟಕ್ಕೆ 22,000. ಅಗ್ಗ. ಮದುವೆಯ ಫೋಟೋ ತೆಗೆಯುವವನಿಗೆ ಇದರ ಮೂರರಷ್ಟು ಕೊಡುತ್ತೀರಿ, ಆತನ ಕ್ಯಾಮೆರಾ ಕಳಚಿ ಯಾರೂ ಘಾಟಿಯಲ್ಲಿ ಬೀಳುವುದಿಲ್ಲ. ಅಗ್ಗವೆಂದರೆ ಅಗ್ಗ. ಯಾಕೆಂದು ಮತ್ತೆ ಕೇಳಿದರೆ ನನ್ನ ಬಳಿ ಹೊಸ ಕಾರಣವಿಲ್ಲ, ಹಳೆಯದನ್ನೇ ಇನ್ನೂ ಜೋರಾಗಿ ಹೇಳಬಲ್ಲೆ.

ಎಂಟು ಬೋಲ್ಟಿನ ಆ ಮಹಾನುಭಾವರಿಗೆ ಒಂದು ಆಹ್ವಾನವಿದೆ. ಬರುವ ಭಾನುವಾರ ಬೆಳಿಗ್ಗೆ ಎಂಟಕ್ಕೆ ಪಿಂಪ್ರಿಗೆ ಬನ್ನಿ. ಗಾಡಿ, ಸ್ಪ್ಯಾನರು, ಸ್ಪ್ರಿಂಗ್ ಕಂಪ್ರೆಸರು ಎಲ್ಲವೂ ನನ್ನವು. ನೀವು ಬರೀ ಎಡಗಡೆಯ ಮುಂದಿನ ಚಕ್ರದ ಕೆಲಸ ಮಾಡಿದರೆ ಸಾಕು, ನಾನು ಕ್ಯಾಮೆರಾ ಹಿಡಿದು ಸ್ವಲ್ಪ ದೂರದಲ್ಲಿ ನಿಂತಿರುತ್ತೇನೆ.