ಬಿಸಿಲಲ್ಲಿ ಕೇಳಿದ ಮಳೆಹಾಡು

ಎಲ್ಲರಿಗೂ ನಮಸ್ಕಾರ.

ಹಾಡಿನ ಬಗ್ಗೆ ಏನಾದರೂ ಮಾತಾಡಿ ಅಂದಿರಿ. ನಾನು 2007ರ ಬೇಸಿಗೆಯ ಬಗ್ಗೆ ಮಾತಾಡುತ್ತೇನೆ ಅಂದೆ. ಆ ಬೇಸಿಗೆಯ ಹಾಡುಗಳೆಂದರೆ ನನಗೆ ಇವತ್ತಿಗೂ ಅಷ್ಟು ಪ್ರೀತಿ.

ಅದಕ್ಕೆ ಹಿಂದಿನ ಬೇಸಿಗೆ ಹೇಗಿತ್ತು ನೆನಪಿದೆಯಲ್ಲ? 2006ರ ಏಪ್ರಿಲ್ 12ರಂದು ಅಣ್ಣಾವ್ರು ಹೋದರು. ಆಮೇಲೆ ಎಷ್ಟೋ ದಿನ ಎಲ್ಲಿ ಹೋದರೂ ಅವರ ಹಾಡುಗಳೇ, ಕೇಳಿದವರೆಲ್ಲ ಸುಮ್ಮನಾಗಿಬಿಡುತ್ತಿದ್ದರು. ಅದೇ ವರ್ಷ ಡಿಸೆಂಬರ್ 29ಕ್ಕೆ ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ ಬಂತು. ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಅದರ ಹಾಡುಗಳು ಮನೆಮಾತಾಗಿದ್ದವು.

ಆಗ ನನಗೆ ಹತ್ತೊಂಬತ್ತು. ಪರೀಕ್ಷೆ ಮುಗಿಸಿ ದಾವಣಗೆರೆಯಲ್ಲಿ ಸೋದರಮಾವನ ಮೊಬೈಲ್ ಅಂಗಡಿಯಲ್ಲಿ ಎರಡು ತಿಂಗಳು ಕೂತೆ. ಚಾರ್ಜರ್, ಕವರ್ ಮಾರುವುದು ಹೆಸರಿಗೆ. ದಿನವಿಡೀ ಮಾಡಿದ್ದು ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವ ಕೆಲಸ. 128 ಎಂಬಿ ಕಾರ್ಡಿನಲ್ಲಿ ಹಿಡಿಸುತ್ತಿದ್ದದ್ದು ಇಪ್ಪತ್ತೈದು, ಮೂವತ್ತು ಹಾಡು. ಹಾಗಾಗಿ ಜನ ಅಳೆದು ಸುರಿದು ಆರಿಸುತ್ತಿದ್ದರು. "ತಮ್ಮಾ, ಮೊದ್ಲು ಅನಿಸುತಿದೆ ಹಾಕು, ಉಳಿದಿದ್ದು ಆಮೇಲೆ ನೋಡೋಣ" ಅನ್ನುವವರು ದಿನಕ್ಕೆ ಹತ್ತು ಜನ. ಹಾಗೆ ಹಾಕಿಕೊಟ್ಟ ಹಾಡಿಗೆ ಬರೆದವರಿಗಾಗಲಿ ಹಾಡಿದವರಿಗಾಗಲಿ ಒಂದು ಪೈಸೆಯೂ ಸೇರಲಿಲ್ಲ. ಅದು ತಪ್ಪು, ಇಲ್ಲಿ ಹೇಳಲೇಬೇಕು.

ಪಾಪ್ ಸಂಗೀತದಲ್ಲಿ ಸಿಂಗಲ್ ಅನ್ನುತ್ತಾರೆ, ಒಂದೇ ಹಾಡನ್ನು ಬಿಡಿಯಾಗಿ ಬಿಡುಗಡೆ ಮಾಡುವುದು. ನಮ್ಮಲ್ಲಿ ಗ್ರಾಮಫೋನಿನ ಚಿಕ್ಕ ತಟ್ಟೆಗಳ ಕಾಲ ಮುಗಿದ ಮೇಲೆ ಎಲ್ಲ ಕ್ಯಾಸೆಟ್ಟಿನ ಲೆಕ್ಕ. ಇಷ್ಟವಾದ ಒಂದು ಹಾಡಿಗಾಗಿ ರೀಲು ಸುತ್ತುತ್ತಾ ಕೂರಬೇಕಿತ್ತು. ಆ ಬೇಸಿಗೆ ನನ್ನ ಕಣ್ಣೆದುರೇ ಹಾಡು ಸಿನಿಮಾದಿಂದ ಕಳಚಿಕೊಂಡಿತು. ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಅಪರಿಚಿತರು ಬ್ಲೂಟೂತ್ ಹಾಕಿ, ಎರಡು ಫೋನನ್ನು ತೊಡೆಯ ಮೇಲೆ ಜೋಡಿಸಿಟ್ಟು, ಹಾಡು ಪೂರ್ತಿ ದಾಟುವವರೆಗೆ ಅಲ್ಲಾಡದೆ ಕಾಯುತ್ತಿದ್ದರು. ಸಿನಿಮಾ ನೋಡದವರಿಗೂ ಹಾಡು ಬಾಯಿಪಾಠ.

‘ಅನಿಸುತಿದೆ ಯಾಕೋ ಇಂದು’ ಬರೆದವರು ಜಯಂತ ಕಾಯ್ಕಿಣಿ. ಗೋಕರ್ಣದವರು, ಕತೆಗಾರರು, ಮುಂಬೈಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಆ ಸಾಲಿನಲ್ಲಿ ನನ್ನನ್ನು ಹಿಡಿದದ್ದು ‘ಯಾಕೋ’. ಅಷ್ಟು ಸಣ್ಣ ಮಾತು! ಯಾಕೋ ಊಟ ಸೇರುತ್ತಿಲ್ಲ, ಯಾಕೋ ಮನಸ್ಸು ಸರಿಯಿಲ್ಲ ಅಂತ ನಾವು ದಿನಾ ಆಡುವ ಮಾತು. ಆ ಸಾಲಿಗೆ ಚಂದಿರ, ತಾವರೆ ಯಾವುದೂ ಬೇಡ. ಹುಡುಗ ಪ್ರೀತಿಯನ್ನು ಸಾರಿ ಹೇಳುವುದಿಲ್ಲ, ಹಾಗನಿಸುತ್ತಿದೆ ಅನ್ನುತ್ತಾನೆ, ಅದೂ ಯಾಕೆಂದು ಗೊತ್ತಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ನನಗೂ ಗೊತ್ತಿದ್ದದ್ದು ಅಷ್ಟೇ. ಕನ್ನಡದ ಹಾಡೊಂದು ನನ್ನ ಅನುಮಾನವನ್ನು ನನ್ನ ಮಾತಿನಲ್ಲೇ ಹೇಳಿದ್ದು ಅದೇ ಮೊದಲು. ಮನೋಮೂರ್ತಿಯವರ ರಾಗವೂ ಅವಸರ ಮಾಡುವುದಿಲ್ಲ, ಆ ಪದದ ಹತ್ತಿರ ಕೇಳುವವನಿಗೂ ಒಂದು ಕ್ಷಣ ಬಿಡುವು ಸಿಗುತ್ತದೆ.

ಹಾಡಿದ್ದು ಸೋನು ನಿಗಮ್. ಕವಿರಾಜ್ ಬರೆದ ‘ಒಂದೇ ಒಂದು ಸಾರಿ’ಗೆ ಕುನಾಲ್ ಗಾಂಜಾವಾಲಾ, ‘ಕುಣಿದು ಕುಣಿದು ಬಾರೆ’ಗೆ ಉದಿತ್ ನಾರಾಯಣ್, ಸುನಿಧಿ ಚೌಹಾಣ್. ನಮ್ಮ ಗಾಯಕರಿಗೆ ಅವಕಾಶ ಎಲ್ಲಿ ಅಂತ ಕೇಳಿದವರಿದ್ದರು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೂ ಸೋನು ದನಿಯಲ್ಲಿ ಆ ಹಾಡು ಪಡೆದ ಮೆದುತನವನ್ನು ನಾನು ಅಲ್ಲಗಳೆಯಲಾರೆ.

ಫೆಬ್ರವರಿಯಲ್ಲಿ ಬಂದಿದ್ದ ‘ದುನಿಯಾ’ದ ‘ಕರಿಯಾ ಐ ಲವ್ ಯೂ’ಗೂ ಅಷ್ಟೇ ಬೇಡಿಕೆ. ಅದು ವಿ. ಮನೋಹರ್ ಅವರ ಸಂಗೀತ. ಕರಿಯಾ ಅನ್ನುವ ಕರೆಯನ್ನು ಅಷ್ಟು ಅಕ್ಕರೆಯಿಂದ ಹಾಡಿಸಿದ್ದಕ್ಕೆ ನಮ್ಮ ಓಣಿಯ ಹುಡುಗರು ಎದೆಯುಬ್ಬಿಸಿ ಓಡಾಡಿದರು.

ಒಬ್ಬರನ್ನು ನಾನು ಮರೆತಿಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು, ಐವತ್ತು ದಾಟಿದ್ದ ವಯಸ್ಸು. ಕಾರ್ಡಿನ ತುಂಬ ಅಣ್ಣಾವ್ರ ಹಾಡು ಹಾಕಿಸಿದರು. ಕೊನೆಗೆ ಒಂದಕ್ಕೆ ಜಾಗ ಉಳಿಯಿತು. "ಆ ಮಳೆ ಹಾಡು ಐತಲ್ಲ, ಅದನ್ನ ಹಾಕಪ್ಪ" ಅಂದರು. ಯೋಗರಾಜ್ ಭಟ್ಟರೇ ಬರೆದ ‘ಮುಂಗಾರು ಮಳೆಯೇ’. ಒಂದು ವಾರ ಬಿಟ್ಟು ಚಾರ್ಜರ್ ಕೊಡಲು ನಾನೇ ಭಟ್ಟಿಗೆ ಹೋದೆ. ಹೊರಗೆ ಏಪ್ರಿಲ್ ಬಿಸಿಲು, ಒಳಗೆ ಒಲೆಯ ಝಳ, ಬಾಂಡಲಿಯಲ್ಲಿ ಕಾದ ಮರಳು. ಅಕ್ಕಿ ಹಾಕಿದ ತಕ್ಷಣ ಚಟಪಟ ಅರಳುತ್ತಿತ್ತು. ಅವರು ಜರಡಿ ಹಿಡಿದು ಮರಳು ಸೋಸುತ್ತಿದ್ದರು. ಪಕ್ಕದಲ್ಲಿ ಖಾಲಿ ಸ್ಟೀಲ್ ಚೊಂಬು, ದನಿ ಜೋರಾಗಲಿ ಅಂತ ಅದರೊಳಗೆ ಫೋನು. ಆ ಶಾಖದಲ್ಲಿ ಚೊಂಬಿನೊಳಗಿಂದ ಮಳೆಯ ಹಾಡು ಬರುತ್ತಿತ್ತು. ಮುಗಿಯುವವರೆಗೂ ಅವರು ನನ್ನ ಕಡೆ ನೋಡಲಿಲ್ಲ. ಮುಗಿದ ಮೇಲೆ ಜರಡಿ ಕೆಳಗಿಟ್ಟು, ಪಂಚೆಗೆ ಕೈ ಒರೆಸಿ, ಚೊಂಬಿನೊಳಗೆ ಬೆರಳು ಇಳಿಸಿ ಅದೇ ಹಾಡನ್ನು ಮತ್ತೆ ಒತ್ತಿದರು.